ಕದಿರಯ್ಯ ಒಪ್ಪದ ತಪ್ಪು

ಬಲಸಮುದ್ರದ ಆಚೆಯ ಊರೊಂದರಲ್ಲಿ ಕುರಿ ಮೇಯಿಸಿಕೊಂಡಿದ್ದ ಕದಿರಯ್ಯ ಯಾರ ತಂಟೆಗೂ ಹೋದವನಲ್ಲ. ದಾರಿಯಲ್ಲಿ ಎದುರು ಸಿಕ್ಕವರು ಮಾತಾಡಿಸಿದರೆ ಮಾತಾಡುವನು, ಇಲ್ಲದಿದ್ದರೆ ಇಲ್ಲ.

ಒಂದು ಸಂಜೆ ಕಳೆ ಕಿತ್ತು ಮನೆಗೆ ಬರುತ್ತಿದ್ದ ಗಂಗಲಕ್ಷ್ಮಿ ಎಂಬ ಕೂಲಿ ಹೆಂಗಸಿನ ಮೇಲೆ ಹಿಂದಿನಿಂದ ಬಂದ ಟ್ರ್ಯಾಕ್ಟರೊಂದು ಹರಿದು, ನಿಲ್ಲದೆ ಹೋಯಿತು. ಓಡಿಸುತ್ತಿದ್ದವನು ಅವಳಿಗೆ ಕಾಣಲಿಲ್ಲ. ದಿಬ್ಬದ ಮೇಲಿದ್ದ ಕದಿರಯ್ಯನಿಗೆ ಕಂಡ. ಅವನು ಊರಿನ ದೊಡ್ಡ ಕುಳ, ದೊಡ್ಡರಂಗಪ್ಪ. ಕದಿರಯ್ಯ ಕುರಿಗಳನ್ನು ಅಲ್ಲೇ ಬಿಟ್ಟು ಅವಳನ್ನು ಹೆಗಲ ಮೇಲೆ ಹೊತ್ತು ಟಾರು ರಸ್ತೆಗೆ ತಂದ. ಜೀವ ಉಳಿಯಿತು. ಒಂದು ಕಾಲು ಹೋಯಿತು.

ಕಂಡದ್ದನ್ನು ಕದಿರಯ್ಯ ಊರಿಗೆ ಹೇಳಿದ. ದೊಡ್ಡರಂಗಪ್ಪ ತಾನು ಅಂದು ಕಡಲೆಕಾಯಿ ಮಾರಲು ಶಿರಾಕ್ಕೆ ಹೋಗಿದ್ದೆನೆಂದ. ನೋಡಿದವನು ಕದಿರಯ್ಯ ಒಬ್ಬನೇ. ಸ್ಟೇಷನ್ನು ಬೇಡ, ಆಂಜನೇಯನ ಗುಡಿಯಲ್ಲಿ ಇಬ್ಬರೂ ಕರ್ಪೂರ ಆರಿಸಿ ಪ್ರಮಾಣ ಮಾಡಲಿ, ಸುಳ್ಳು ಹೇಳಿದವನನ್ನು ದೇವರೇ ನೋಡಿಕೊಳ್ಳುತ್ತಾನೆ ಎಂದು ಹಿರಿಯರು ತೀರ್ಮಾನಿಸಿದರು. ಕದಿರಯ್ಯನಿಗೆ ಸಮಾಧಾನವೇ ಆಯಿತು. ಅವನೂ ಅದನ್ನು ನಂಬಿದ್ದ. ಇಬ್ಬರೂ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿದರು. ದೊಡ್ಡರಂಗಪ್ಪ ಮಸಿಯಾದ ಕೈಯನ್ನು ಪಂಚೆಗೆ ಒರೆಸಿಕೊಂಡು ತೀರ್ಥಕ್ಕೆ ಚಾಚಿದ.

ಊರು ಕಾಯಿತು. ದೊಡ್ಡರಂಗಪ್ಪನಿಗೆ ಏನೂ ಆಗಲಿಲ್ಲ. ಅವನ ಹೊಸ ಬೋರಿನಲ್ಲಿ ನೀರು ಚಿಮ್ಮಿತು, ಸೊಸೆ ಹೆತ್ತಳು, ಪಂಚಾಯ್ತಿ ಎಲೆಕ್ಷನ್ನಿನಲ್ಲೂ ಗೆದ್ದ. ಅದೇ ಮಳೆಗಾಲದಲ್ಲಿ ಕದಿರಯ್ಯನ ಮಗ ಯುವರಾಜ್ ಹಾವು ಕಚ್ಚಿ ತೀರಿಕೊಂಡ. ಮದುವೆಯ ವಯಸ್ಸಿಗೆ ಬಂದಿದ್ದ ಹುಡುಗ.

ಮಣ್ಣಿಗೆ ಬಂದವರು ಕದಿರಯ್ಯನ ಮುಖ ನೋಡಲಿಲ್ಲ. ದೇವರು ತೋರಿಸಿಬಿಟ್ಟ ಎಂದು ಗುಡಿ ಕಟ್ಟೆಯಲ್ಲಿ ಆಡಿಕೊಂಡರು. ಸುಳ್ಳು ಪ್ರಮಾಣ ಮಾಡಿದವನು ಯಾರೆಂಬುದು ಅವರಿಗೆ ಇತ್ಯರ್ಥವಾಗಿ ಹೋಯಿತು. ಕುರಿ ಕೊಳ್ಳಲು ಬರುತ್ತಿದ್ದವರು ಬೇರೆ ಮನೆಗೆ ಹೋದರು. ಮನೆಯವರು ನೀರಿಗೆ ಹೋದರೆ ಊರ ಹೆಂಗಸರು ಬಿಂದಿಗೆ ಸರಿಸಿಕೊಂಡು ನಿಂತರು.

ಹೆಂಡತಿ ರಾಮಾಂಜಿನಮ್ಮ ಗಂಡನ ಮಾತನ್ನು ಎಂದೂ ಅನುಮಾನಿಸಿದವಳಲ್ಲ. ಆದರೆ ಮಗಳು ವರಲಕ್ಷ್ಮಿ ಉಳಿದಿದ್ದಳು. ಅವಳನ್ನು ನೋಡಲು ವೈ.ಎನ್.ಹೊಸಕೋಟೆಯಿಂದ ಬಂದವರು ಹುಡುಗಿ ಒಪ್ಪಿಗೆಯೆಂದರು. ಅಪ್ಪ ದೇವರಿಗೆ ತಪ್ಪು ಕಾಣಿಕೆ ಕಟ್ಟಲಿ, ಆಮೇಲೆ ಮಾತು ಎಂದರು.

"ಕಟ್ಬುಡು. ತಪ್ಪಾಯ್ತು ಅನ್ನು. ಒಂದು ಮಾತು ತಾನೆ," ಎಂದಳು ರಾಮಾಂಜಿನಮ್ಮ. "ದೇವ್ರು ಕಣ್ಣು ಮುಚ್ಕೊಂಡವ್ನೆ. ಯಾರಿಗೋಸ್ಕರ ನಿಜ ಹಿಡ್ಕೊಂಡು ಕುಂತಿದ್ದೀಯ?"

ಕದಿರಯ್ಯ ಹೆಗಲ ಕಂಬಳಿ ತೆಗೆದು ಗೂಟಕ್ಕೆ ಹಾಕಿದ. "ದೇವ್ರು ನೋಡ್ತಾನೆ ಅಂತ ನಾನು ಹೇಳ್ಲಿಲ್ಲ ಕಣೇ. ನಾನು ನೋಡಿದ್ದೆ, ಅದ್ಕೆ ಹೇಳ್ದೆ."

"ಹಂಗಾದ್ರೆ ನನ್ನ ಮಗಳ ಗತಿ?"

ಕದಿರಯ್ಯ ಕೋಲು ತೆಗೆದುಕೊಂಡು ಕುರಿಗಳ ಕಡೆ ಹೋದ.

ಅವನು ಕುರಿಯೊಂದಿಗೆ ದೂರ ಹೋಗಿದ್ದ ಶನಿವಾರ ರಾಮಾಂಜಿನಮ್ಮ ಗುಡಿಗೆ ಹೋಗಿ ಗಂಡನ ಹೆಸರಿನಲ್ಲಿ ಕಾಣಿಕೆ ಕಟ್ಟಿದಳು. ಪೂಜಾರಿ ಪರ್ವತಯ್ಯ ಮಂಗಳಾರತಿ ಎತ್ತಿ, ಕದಿರಯ್ಯನ ತಪ್ಪು ಹೊಟ್ಟೆಗೆ ಹಾಕಿಕೋ ಸ್ವಾಮಿ ಎಂದು ಎಲ್ಲರಿಗೂ ಕೇಳುವಂತೆ ಬೇಡಿಕೊಂಡ.

ಮರುದಿನ ಹೋಟೆಲಿನ ಮುಂದೆ ಹಾಯುತ್ತಿದ್ದ ಕದಿರಯ್ಯನನ್ನು ಜನ ಕರೆದು ಕೂರಿಸಿದರು. ಯಾರೋ ಟೀ ಹೇಳಿದರು. ಮಗನನ್ನು ಕಳೆದುಕೊಂಡ ಮೇಲೆ ಮೊದಲ ಸಲ ಒಬ್ಬರು ಅವನ ಬೆನ್ನ ಮೇಲೆ ಕೈಯಿಟ್ಟರು. ಆ ಕೈಯ ಬಿಸಿಗೆ ಅವನ ಕಣ್ಣು ತುಂಬಿತು. ಹೆಂಡತಿ ಕಾಣಿಕೆ ಕಟ್ಟಿದ ವಿಷಯ ಅವರ ಮಾತಿನಿಂದ ಅವನಿಗೆ ತಿಳಿದದ್ದು ಆಗಲೇ. ಸುಮ್ಮನೆ ಟೀ ಕುಡಿದು ಎದ್ದಿದ್ದರೆ ಎಲ್ಲ ಮುಗಿಯುತ್ತಿತ್ತು.

"ಕಾಣಿಕೆ ನಾನು ಕಟ್ಲಿಲ್ಲ," ಎಂದ. "ಅವತ್ತು ಗಾಡಿ ಓಡಿಸ್ತಿದ್ದೋನು ದೊಡ್ಡರಂಗಪ್ಪನೇ."

ಬೆನ್ನ ಮೇಲಿನ ಕೈ ಸರಿಯಿತು. ವಾರದೊಳಗೆ ಹೊಸಕೋಟೆಯವರು ಬೇಡವೆಂದು ಹೇಳಿ ಕಳಿಸಿದರು. ರಾಮಾಂಜಿನಮ್ಮ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಬಸ್ಸು ಹತ್ತುವಾಗ ವರಲಕ್ಷ್ಮಿ ಅಪ್ಪನ ಕಡೆ ತಿರುಗಲಿಲ್ಲ.

ಆಮೇಲೊಂದು ದಿನ ಗಂಗಲಕ್ಷ್ಮಿ ಊರುಗೋಲು ಊರಿಕೊಂಡು ಅವನಿದ್ದ ಬಯಲಿಗೇ ಬಂದಳು. ದೊಡ್ಡರಂಗಪ್ಪ ಅವಳ ತಮ್ಮನಿಗೆ ಪಂಚಾಯ್ತಿಯ ವಾಟರ್‌ಮ್ಯಾನ್ ಕೆಲಸ ಕೊಡಿಸುತ್ತಾನಂತೆ, ಇನ್ನು ಆ ಮಾತು ಎತ್ತಬೇಡ ಎಂದು ಕೇಳಿಕೊಂಡಳು.

"ನೀನು ಸುಳ್ಳು ಹೇಳಿಲ್ಲ ಅಂತ ನಂಗೊತ್ತಣ್ಣ. ಆದ್ರೆ ನಿನ್ ನಿಜದಿಂದ ನನ್ ಕಾಲು ಬರಲ್ಲ."

"ಬರಲ್ಲ ಕಣಮ್ಮ," ಎಂದ ಕದಿರಯ್ಯ. ಬಿಸಿಲು ಜೋರಿತ್ತು. ಅವಳು ಕುಂಟುತ್ತ ಹೋಗುವುದನ್ನು ಕಾಣುವಷ್ಟು ದೂರ ನೋಡಿ, ಚದುರಿದ್ದ ಕುರಿಗಳನ್ನು ಒಟ್ಟುಮಾಡಲು ಎದ್ದ.