ಮೊದಲ ತುಂಡು ನನ್ನದು

ನಾನು ಚಾಕಲೇಟ್ ತಿಂದು ಅದರ ಬಗ್ಗೆ ಬರೆಯುತ್ತೇನೆ ಅಂದರೆ ರಾಯಬಾಗದಲ್ಲಿ ಮೊದಲು ಎಲ್ಲರೂ ನಗುತ್ತಾರೆ. ನಗಲಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ, ತಲೆ ಅರ್ಧ ನೆರೆತ ಹೆಂಗಸು ಕಣ್ಣು ಮುಚ್ಚಿ ಚಾಕಲೇಟ್ ಚಪ್ಪರಿಸುವುದನ್ನು ಅವರು ಎಲ್ಲಿ ನೋಡಿರಬೇಕು? ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ಕೇಳಿಯೇ ಬಿಟ್ಟರು, "ಟೀಚರ, ಹಲ್ಲ ಎಷ್ಟ ಉಳದಾವ್ರಿ?" ನಾನೂ ಬಿಡಲಿಲ್ಲ. "ನಿಮ್ಮನ್ನ ಕಡಿಯಾಕ ಸಾಕಾಗೂವಷ್ಟ ಅದಾವ್ರಿ" ಅಂದೆ.

ಅಂಗಡಿ ಬರಣಿಯ ಪೆಪ್ಪರಮಿಂಟಿನ ಮಾತಲ್ಲ ಇದು. ಒಂದೇ ತೋಟದ ಕೋಕೋ ಬೀಜ ತಂದು, ತಾವೇ ಹುರಿದು, ದಿನಗಟ್ಟಲೆ ಅರೆದು, ಅಚ್ಚಿಗೆ ಹೊಯ್ದು ಮಾಡುವ ಸಣ್ಣ ಸಣ್ಣ ತಯಾರಕರ ಚಾಕಲೇಟ್ ಬಾರುಗಳು. ಕೊರಿಯರ್‌ನಲ್ಲಿ ಬರುತ್ತವೆ. ಬೆಳಿಗ್ಗೆ ಚಹಾ ಕುಡಿಯುವ ಮುಂಚೆ ಬಾಯಿ ಮುಕ್ಕಳಿಸಿ ಕೂರುತ್ತೇನೆ. ಮುರಿದರೆ ಟಕ್ ಅನ್ನಬೇಕು. ಮೂಸಿ ನೋಡಬೇಕು. ಅಗಿಯದೆ ನಾಲಿಗೆಯ ಮೇಲಿಟ್ಟು ತಾನಾಗಿ ಕರಗಲು ಬಿಡಬೇಕು. ಮೊದಲು ಯಾವ ರುಚಿ ಬಂತು, ನುಂಗಿದ ಮೇಲೆ ಯಾವುದು ಉಳಿಯಿತು ಎಂದು ಫೋನಿನಲ್ಲಿ ಕನ್ನಡದಲ್ಲೇ ಬರೆದು ಹಾಕುತ್ತೇನೆ. ಬೇರೆಯವರು ನಾನು ಕಣ್ಣಲ್ಲಿ ಕಾಣದ ಹಣ್ಣುಗಳ ಹೆಸರು ಬರೆಯುತ್ತಾರೆ. ನಾನು ನಿಪ್ಪಾಣಿಯಲ್ಲಿ ಹುಟ್ಟಿದವಳು, ಒಣಗಿದ ತಂಬಾಕಿನ ವಾಸನೆ ಬಂದರೆ ತಂಬಾಕು ಎಂದೇ ಬರೆಯುತ್ತೇನೆ. ಓದುವವರಿದ್ದಾರೆ. ಬಾರು ಮಾಡುವವರೂ ಓದುತ್ತಾರೆ, ಓದಿ ಕೆಲವರು ಮುಖ ಊದಿಸಿಕೊಳ್ಳುತ್ತಾರೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಕಲಿಸಿದ ಮೊದಲ ಪಾಠ, ಅಡಿಗೆಯ ಉಪ್ಪು ನೋಡಬಾರದು ಎಂಬುದು. ದೇವರಿಗೆ ಎಡೆ ಹಿಡಿಯುವ ಮುಂಚೆ ನಾಲಿಗೆಗೆ ತಾಗಿದರೆ ಅದು ಎಂಜಲು. ದೇವರ ನಂತರ ಗಂಡಸರು, ಮಕ್ಕಳು, ಬಂದವರು. ಕಡೆಗೆ ನಾವು. ಉಪ್ಪು ಹೆಚ್ಚಾಗಿದೆ ಎಂಬುದು ನಮಗೆ ತಿಳಿಯುವುದು ಎಲ್ಲರೂ ಬೈದಾದ ಮೇಲೆಯೇ. ನಾನು ಎಷ್ಟೋ ವರ್ಷ ಹೀಗೆಯೇ ಕುದಿಯುವ ಸದ್ದು ಕೇಳಿ, ಹಬೆ ಮೂಸಿ ಅಡಿಗೆ ಮಾಡಿದೆ. ನನಗೆ ಅದು ಸಿಟ್ಟು ತರಿಸುತ್ತಿತ್ತು, ಈಗಲೂ ತರಿಸುತ್ತದೆ. ಚಾಕಲೇಟ್ ರುಚಿ ನೋಡುವ ಈ ಕೆಲಸಕ್ಕೆ ನಾನು ಅಂಟಿಕೊಂಡದ್ದು ಯಾಕೆ ಎಂದು ಕೇಳಿದರೆ, ಇದರಲ್ಲಿ ಮೊದಲ ತುಂಡು ನನ್ನದು. ಅಷ್ಟೇ.

ಹೋದ ವರ್ಷ ಮೈಸೂರು ಕಡೆಯ ಹೆಣ್ಣುಮಗಳೊಬ್ಬಳು ತಾನು ಮಾಡಿದ ಬಾರು ಕಳಿಸಿದಳು. ಬೇರೆ ಪಾರ್ಸಲ್‌ಗಳನ್ನು ನಾನೇ ತೆಗೆದುಕೊಳ್ಳುತ್ತಿದ್ದೆ, ಇದು ಬಂದಾಗ ಶಾಲೆಯಲ್ಲಿದ್ದೆ. ಭಾನುವಾರ ಬೆಳಿಗ್ಗೆ ಬಾಯಿಗಿಟ್ಟೆ. ಮುಖಕ್ಕೆ ಹೊಡೆದ ಹಾಗೆ ಕರ್ಪೂರ, ಹಿಂದೆಯೇ ಅರಿಶಿನ. ಕೋಕೋ ಎಲ್ಲಿ ಎಂದು ಹುಡುಕಬೇಕಾಯಿತು. ಹಾಗೆಯೇ ಬರೆದು ಹಾಕಿದೆ, "ಬೀಜವನ್ನು ದೇವರ ಮನೆಯಲ್ಲಿ ಇಟ್ಟಿದ್ದರೋ ಏನೋ" ಎಂದು ಒಂದು ಕುಟುಕು ಸೇರಿಸಿ.

ಮರುದಿನ ಸಂಜೆ ಅವಳ ಫೋನು ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ, ಸ್ಪೀಕರಿಗೆ ಹಾಕಿದೆ. "ಮೇಡಂ, ನಮ್ಮಲ್ಲಿ ಕರ್ಪೂರದ ವಾಸನೆಯೇ ಸುಳಿಯಲ್ಲ. ಎಲ್ಲಿಂದ ಬಂತು ಅಂತ ನೀವೇ ಹೇಳಿ" ಎಂದಳು.

ಒಲೆಯ ಮುಂದೆ ಕೂತಿದ್ದ ಅತ್ತೆ ತಲೆ ಎತ್ತದೆ ಅಂದರು, "ಕರ್ಪೂರ ನಮ್ಮದ ಬೇ."

ಆಗಿದ್ದು ಇಷ್ಟು. ಮನೆಗೆ ಹೊಸದೇನು ಬಂದರೂ ಮೊದಲು ದೇವರ ಜಗಲಿಯ ಮೇಲಿನ ಮಂಗಸೂಳಿ ಮಲ್ಲಯ್ಯನಿಗೆ. ಕಾಗದ ಸುತ್ತಿದ್ದನ್ನು ದೇವರಿಗೆ ತೋರಿಸುತ್ತಾರೆಯೇ? ಅತ್ತೆ ಚೀಟಿ ಹರಿಯದ ಹಾಗೆ ಬಿಡಿಸಿ, ಬಾರನ್ನು ಭಂಡಾರದ ಅರಿಶಿನದ ಬಟ್ಟಲು, ಕರ್ಪೂರದ ಡಬ್ಬಿಗಳ ನಡುವೆ ಇಟ್ಟು, ಮರುದಿನದ ಪೂಜೆಯೂ ಆದ ಮೇಲೆ ಮತ್ತೆ ಅಚ್ಚುಕಟ್ಟಾಗಿ ಸುತ್ತಿ ನನ್ನ ಮೇಜಿನ ಮೇಲಿಟ್ಟಿದ್ದರು. ಚಾಕಲೇಟು ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಹೀರಿಕೊಂಡಿತ್ತು.

ನಡೆದದ್ದನ್ನು ಅವಳಿಗೆ ಹೇಳಿ, ಬರೆದದ್ದನ್ನು ತೆಗೆದು ಇದನ್ನೇ ಹಾಕುತ್ತೇನೆ ಎಂದೆ. ಅವಳು ನಕ್ಕು, ಇನ್ನೊಂದು ಬಾರು ಕಳಿಸುತ್ತೇನೆ ಎಂದಳು. ಫೋನು ಇಟ್ಟವಳೇ ನಾನು ಅತ್ತೆಯ ಕಡೆ ತಿರುಗಿದೆ. "ಇನ್ನ ಮ್ಯಾಲೆ ನನ್ನ ಪಾರ್ಸಲ್ ಜಗಲಿಗೆ ಹೋಗೂದಿಲ್ರಿ."

"ದೇವರಿಗಿಂತ ಮೊದಲ ನೀ ತಿಂತಿ?"

"ಹೌದ್ರಿ. ತಿಂತೀನಿ."

ಗಂಡ ಹೊರಗಿನಿಂದ ಬಂದು ನಡುವೆ ಬಾಯಿ ಹಾಕಿದರು. "ಒಂದ ಚಾಕಲೇಟ್ ಸಲುವಾಗಿ ಮನ್ಯಾಗ ಜಗಳ ಯಾಕ? ಬಿಟ್ಟಬಿಡು ಆ ಹುಚ್ಚ." ನನಗೆ ಮೈ ಉರಿಯಿತು. ದಿನಾ ಬಿಸಿ ರೊಟ್ಟಿ ಮೊದಲು ತಿನ್ನುವವರಿಗೆ ಅದು ಒಂದು ಚಾಕಲೇಟ್ ಅಷ್ಟೇ. ಬಿಡುವುದಿಲ್ಲ ಎಂದೆ. ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ.

ಎರಡನೆಯ ಬಾರು ಬಂದಾಗ ಬಾಗಿಲು ಹಾಕಿಕೊಂಡು ತಿನ್ನಬಹುದಿತ್ತು. ಕದ್ದು ತಿನ್ನಲು ನಾನೇನು ಕಳ್ಳಿಯೇ? ಪಡಸಾಲೆಯಲ್ಲಿ ಎಲ್ಲರ ಕಣ್ಣೆದುರು ಕೂತು ಮುರಿದೆ. ಚಂದದ ಸದ್ದು. ಹುಣಸೆಯ ತೆಳು ಹುಳಿ, ಆಮೇಲೆ ಕಾಕಂಬಿಯ ಹಾಗೆ ಗಾಢ ಸಿಹಿ, ಕೊನೆಗೆ ಹಿತವಾದ ಕಹಿ. ನನಗೆ ಬಹಳ ಹಿಡಿಸಿತು. ಅತ್ತೆ ಮುಖ ಗೋಡೆಗೆ ತಿರುಗಿಸಿ ಕೂತಿದ್ದರು. ಅವರ ಕೈಗೆ ಒಂದು ತುಂಡು ಇಟ್ಟೆ.

ಯಾರು ಏನು ಕೊಟ್ಟರೂ ಅತ್ತೆ ಅದನ್ನು ಸೆರಗಿಗೆ ಗಂಟು ಹಾಕಿ ಮೊಮ್ಮಕ್ಕಳಿಗೆ ಎತ್ತಿಡುವವರು. ಇದನ್ನೂ ಗಂಟು ಹಾಕಹೋದರು. ಆದರೆ ನಮ್ಮ ಸೆಕೆಗೆ ಅದು ಆಗಲೇ ಬೆರಳಿಗೆ ಅಂಟಿ ಕರಗತೊಡಗಿತ್ತು. ಎತ್ತಿಡಲು ಬರುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಬಾಯಿಗೆ ಹಾಕಿಕೊಂಡರು.

"ಹೆಂಗೈತ್ರಿ, ಅತ್ತಿ?"

"ಚಲೋ ಐತಿ." ಹಳಸಿದ ಸಾರಿಗೂ ಅವರದು ಇದೇ ಉತ್ತರ.

"ಅದ ಬ್ಯಾಡ್ರಿ. ನಿಮಗ ಹೆಂಗ ಅನ್ನಿಸ್ತು, ಖರೇ ಹೇಳ್ರಿ."

ಅವರು ಬಹಳ ಹೊತ್ತು ಬಾಯಿ ಆಡಿಸಿದರು. ಮಗನ ಮುಖ ನೋಡಿದರು, ಜಗಲಿಯ ಕಡೆ ನೋಡಿದರು. ಆಮೇಲೆ ನನ್ನನ್ನೇ ದಿಟ್ಟಿಸಿ, ಇಡೀ ಪಡಸಾಲೆಗೆ ಕೇಳುವಂತೆ ಅಂದರು, "ನಂಗ ಸೇರಲಿಲ್ಲ."

ಅವತ್ತೇ ಬರೆದು ಹಾಕಿದೆ, ನನ್ನ ಮೆಚ್ಚುಗೆಯನ್ನೂ ಅವರ ಮಾತನ್ನೂ. ಮಾಡಿದಾಕೆ ಮತ್ತೆ ಫೋನು ಮಾಡಿದಳು. ನನ್ನ ಮಾತಿಗೆ ಖುಷಿಯಾಗಿದ್ದಳು. "ಮೇಡಂ, ಅಜ್ಜಿಯ ಸಾಲು ಮಾತ್ರ ತೆಗೀತೀರಾ? ವಯಸ್ಸಾದವರು, ಅವರಿಗೆ ಇದರ ರೂಢಿ ಇರಲ್ಲ" ಎಂದಳು.

ರೂಢಿ ಇಲ್ಲ, ನಿಜ. ಒಂದು ತಿನಿಸು ತನಗೆ ಸೇರಲಿಲ್ಲ ಎಂದು ಹೇಳುವ ರೂಢಿಯೇ ಆ ಬಾಯಿಗೆ ಇರಲಿಲ್ಲ. ತೆಗೆಯುವುದಿಲ್ಲ ಎಂದೆ. ಫೋನು ಇಟ್ಟ ಮೇಲೆ ಒಂದು ತಿದ್ದುಪಡಿ ಮಾತ್ರ ಮಾಡಿದೆ. ಅತ್ತೆಯ ಮಾತನ್ನು ಕೆಳಗಿನಿಂದ ಎತ್ತಿ, ನನ್ನದಕ್ಕಿಂತ ಮೇಲೆ ಹಾಕಿದೆ.