ನಿಂತ ಮಂಡಿ, ಮಲಗಿದ ಮಂಡಿ

ಜೋರ್ಡಾನಿನ ಸಲ್ತ್ ಊರಿನ ಮುದುಕಿಯರು ವಿಸಾಲಳಿಗೆ ಹಾಕಿದ ಶಾಪವೆಲ್ಲ ತಟ್ಟಿದ್ದರೆ ಅವಳ ವಂಶವೇ ಉಳಿಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಡಾಕ್ಟರ್ ಹಿಕ್ಮತನ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದಳು. ಮಂಡಿನೋವೆಂದು ಬಂದವರು ಹಜ್ ಮುಗಿಸಿ ಬಂದ ಎಂಬತ್ತರ ಹಾಜ್ಜಾ ಆದರೂ ಸರಿ, ಅವಳ ಕೋಣೆಯಲ್ಲಿ ನಿಲ್ಲಲೇಬೇಕು.

"ವಯಸ್ಸಾದೋಳನ್ನ ನಿಲ್ಲಿಸ್ತೀಯಲ್ಲೇ, ನಿನ್ನ ಕೈ ಸೇದಿಹೋಗ!"

"ಹೋಗ್ಲಿ ಬಿಡಿ ತಾಯಿ. ಕಾಲ ಮೇಲೆ ಭಾರ ಬಿಟ್ಟು ನಿಲ್ಲಿ. ಮಲಗಿದ್ರೆ ಯಾರ ಮಂಡೀನೂ ನಿಜ ಹೇಳಲ್ಲ."

ಅವಳು ಹೇಳುತ್ತಿದ್ದುದು ಸರಿಯೇ. ಯಾರೂ ಕೂರದಿದ್ದರೆ ಹಳೆಯ ದಿಂಬೂ ಉಬ್ಬಿಕೊಂಡೇ ಕಾಣುತ್ತದೆ. ಮೈಭಾರ ಬಿದ್ದಾಗಲೇ ಎರಡು ಮೂಳೆಗಳ ನಡುವಿನ ಮೆತ್ತೆ ಎಷ್ಟು ಸವೆದಿದೆ ಎಂದು ಚಿತ್ರದಲ್ಲಿ ತಿಳಿಯುವುದು.

ಜೊತೆಗಾರ ಬಸ್ಸಾಮ್ ಹಾಗಲ್ಲ, ಬಲು ಮರ್ಯಾದಸ್ಥ. "ನನ್ನ ತಾಯಿ ಇದ್ದ ಹಾಗಿದೀರಿ, ನಿಮ್ಮನ್ನ ನಿಲ್ಲಿಸೋದಾ?" ಎಂದು ಕೈಹಿಡಿದು ಮೇಜಿನ ಮೇಲೆ ಮಲಗಿಸಿಬಿಡುತ್ತಿದ್ದ. ಹಿರಿಯರನ್ನು ನಿಲ್ಲಿಸುವುದು ಆ ಊರಿನಲ್ಲಿ ನಾಚಿಕೆಗೇಡು. ಹಾಗಾಗಿ ಹರಕೆಯೆಲ್ಲ ಅವನಿಗೆ. ಆ ಮರ್ಯಾದೆಗಿಷ್ಟು ಬೆಂಕಿ ಹಾಕ!

ವಿಸಾಲ್ ಮಗಳ ಬಾಣಂತನಕ್ಕೆಂದು ರಜೆ ಹಾಕಿದ್ದ ತಿಂಗಳಲ್ಲೇ ಅವಳ ಸೋದರತ್ತೆ ಫಿದ್ದಾ ಕ್ಲಿನಿಕ್ಕಿಗೆ ಬಂದದ್ದು. ಅತ್ತೆಯ ಮನೆ ಗುಡ್ಡದ ಮೇಲೆ, ಬೀದಿಗಿಳಿಯಲು ನೂರಮೂವತ್ತು ಮೆಟ್ಟಿಲು. ಅವಳು ತನ್ನ ಕಾಲಿನಿಂದ ಅವನ್ನು ಇಳಿದು ಎರಡು ವರ್ಷವಾಗಿತ್ತು. ಅಳಿಯಂದಿರು ಕುರ್ಚಿಯಲ್ಲಿ ಹೊತ್ತು ತರುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಮಂಡಿ ಬದಲಿಸುವ ಸರದಿಯಲ್ಲಿ ಅವಳ ಹೆಸರಿತ್ತು, ಇನ್ನೆರಡು ತಿಂಗಳಿಗೆ ಅವಳ ಪಾಳಿ. ಈ ನಡುವೆ ಹಿಕ್ಮತ್ ಮೆತ್ತೆ ಬೆಳೆಯುತ್ತದೆಂದು ಆರು ತಿಂಗಳಿಂದ ಮಂಡಿಗೆ ಸೂಜಿ ಚುಚ್ಚುತ್ತಿದ್ದ. ಮೊದಲ ಸೂಜಿಗೂ ಮುನ್ನ ವಿಸಾಲ್ ತೆಗೆದ ಚಿತ್ರದಲ್ಲಿ ಮೂಳೆಗೆ ಮೂಳೆ ಅಂಟಿತ್ತು. ಈಗ ಬಸ್ಸಾಮ್ ಮಲಗಿಸಿ ತೆಗೆದದ್ದರಲ್ಲಿ ನಡುವೆ ಬೆರಳು ತೂರುವಷ್ಟು ಸಂದು.

"ನೋಡಿ ಹಾಜ್ಜಾ, ಹೊಸ ಮೆತ್ತೆ ಬೆಳೆದಿದೆ! ಕೊಯ್ಯೋದ್ಯಾಕೆ?" ಎಂದ ಹಿಕ್ಮತ್, ಆಸ್ಪತ್ರೆಗೂ ಹಾಗೆಯೇ ಕಾಗದ ಬರೆದ. ಆಸ್ಪತ್ರೆಯವರು ಅತ್ತೆಯ ಹೆಸರು ಹೊಡೆದುಹಾಕಿದರು. ಎರಡು ಚಿತ್ರಗಳೂ ರೋಗಿಗಳು ಕಾಯುವ ಕೋಣೆಯ ಗೋಡೆ ಏರಿದವು.

ರಜೆ ಮುಗಿಸಿ ಬಂದ ವಿಸಾಲ್ ಗೋಡೆ ನೋಡಿದಳು. ಕೋಪ ನೆತ್ತಿಗೇರಿತು. ಬಾಗಿಲು ತಟ್ಟದೆಯೇ ಡಾಕ್ಟರ ಕೋಣೆಗೆ ನುಗ್ಗಿದಳು.

"ಅದು ನಿಂತಿದ್ದು, ಇದು ಮಲಗಿದ್ದು. ಬಸ್ಸಾಮ್‌ಗೆ ತಿಳಿಯಲ್ಲ ಸರಿ, ನಿಮಗೂ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತಮ್ಮ," ಎಂದ ಹಿಕ್ಮತ್ ಚಹಾ ಕಲಕುತ್ತ. "ನೋವು ಕಮ್ಮಿ ಅಂತ ಆಕೇನೇ ಹೇಳಿದ್ಲು. ಜನಕ್ಕೆ ಸ್ವಲ್ಪ ಧೈರ್ಯ ಬರ್ಲಿ ಬಿಡು."

"ಧೈರ್ಯ ಅಲ್ಲ ಡಾಕ್ಟ್ರೇ, ಕಣ್ಣಿಗೆ ಮಣ್ಣು!"

"ಕೆಲಸ ಬೇಕೋ ಬೇಡ್ವೋ ನಿಂಗೆ?"

ವಿಸಾಲ್ ಮರುದಿನವೇ ಅತ್ತೆಯನ್ನು ಹೊರಿಸಿಕೊಂಡು ಬಂದು ತನ್ನ ಕೋಣೆಯಲ್ಲಿ ನಿಲ್ಲಿಸಿದಳು. ಅತ್ತೆ ಕಂಬಿ ಹಿಡಿದು ನಡುಗಿದಳು, ಅತ್ತಳು, ಸೋದರಸೊಸೆಯ ಏಳೇಳು ತಲೆಮಾರನ್ನು ಬೈದಳು. ವಿಸಾಲ್ ಹಲ್ಲುಕಚ್ಚಿ ಚಿತ್ರ ತೆಗೆದಳು. ಸಂದೂ ಇಲ್ಲ, ಗಿಂದೂ ಇಲ್ಲ; ಮೂಳೆಗೆ ಮೂಳೆ ಉಜ್ಜುತ್ತಿತ್ತು.

ಆ ಚಿತ್ರ ನೋಡಿ ಆಸ್ಪತ್ರೆಯವರು ಹೆಸರನ್ನು ಮತ್ತೆ ಬರೆದುಕೊಂಡರು, ಆದರೆ ಸಾಲಿನ ಬಾಲಕ್ಕೆ. ಇನ್ನು ಹದಿನೆಂಟು ತಿಂಗಳು ಕಾಯಬೇಕು.

ವಿಸಾಲ್ ಅದನ್ನು ಹೇಳಿದಾಗ ಅತ್ತೆ ಬೈಯಲಿಲ್ಲ. "ಡಾಕ್ಟ್ರಿಗೆ ಗೊತ್ತಿತ್ತಾ?" ಎಂದಷ್ಟೇ ಕೇಳಿದಳು.

"ಗೊತ್ತಿತ್ತು ಅತ್ತೆ."

"ಹಾಗಾದ್ರೆ ಅಳಿಯಂದಿರನ್ನ ಕರಿ. ಕುರ್ಚಿ ತರ್ಲಿ."

ಸೂಜಿ ಹಾಕುವ ದಿನವಾದ್ದರಿಂದ ಕ್ಲಿನಿಕ್ಕು ತುಂಬಿತ್ತು. ಗೋಡೆಯ ಚಿತ್ರಗಳ ಕೆಳಗೇ ಅತ್ತೆ ಕುರ್ಚಿ ಇಳಿಸಿಕೊಂಡಳು. ಹಿಕ್ಮತ್ ಹೊರಬಂದವನು ಎಂದಿನಂತೆ ಎದೆಯ ಮೇಲೆ ಕೈಯಿಟ್ಟು ಬಾಗಿದ. "ಹೇಗಿದೀರಿ ಹಾಜ್ಜಾ? ಮಂಡಿ ಆರಾಮಾ?"

ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ವಿಸಾಲ್ ನಿಂತಿದ್ದಳು.

"ನೋಯ್ತಿದೆ," ಎಂದಳು ಫಿದ್ದಾ, ಬೀದಿಗೂ ಕೇಳುವಂತೆ. "ಆರು ತಿಂಗಳೂ ನೋಯ್ತಿತ್ತು. ಪಾಪ, ಸೂಜಿ ಚುಚ್ಚೋನಿಗೆ ಬೇಜಾರಾಗುತ್ತೆ ಅಂತ ಕಮ್ಮಿ ಅಂದಿದ್ದೆ."