ಅರ್ಜಿಯಲ್ಲಿ ಎಷ್ಟು ಸಲ ಬಸ್ಸು?

“ಇದು ಆಸ್ಪತ್ರೆ ವಿಷಯ ಕಣ್ ಮೇಷ್ಟ್ರೇ. ಕಾಮಗೆರೇಲಿ ಆಸ್ಪತ್ರೆ ಆಗ್ಲೇ ಅದಲ್ಲಾ?” ಎಂದು ಕೊಳ್ಳೇಗಾಲದ ಕಚೇರಿಯೊಂದರ ಗುಮಾಸ್ತರು ನನ್ನ ಅರ್ಜಿಯನ್ನು ವಾಪಸು ತಳ್ಳಿದರು. ನಾನು ಕೇಳಿದ್ದು ಬಸ್ಸು. ನಮ್ಮೂರ ಬಸುರಿಯರು ಆ ಆಸ್ಪತ್ರೆಗೆ ಬಿಸಿಲಲ್ಲಿ ನಡೆದೇ ಹೋಗಬೇಕು.

“ಯಾವ ಪದ ಜಾಸ್ತಿ ಬಂದದೋ ಅದೇ ವಿಷಯ ಅಂತ ಬರ್ಕತೀವಿ. ಎಲ್ಲಾರ ಅರ್ಜೀನೂ ಓದ್ಕಂಡು ಕೂತ್ಕಳಕ್ಕಾಯ್ತದಾ?”

ಅಲ್ಲೇ ಬೆಂಚಿನ ಮೇಲೆ ಕೂತು, ಹಲ್ಲು ಕಚ್ಚಿಕೊಂಡು, ಸಾಲುಸಾಲಿಗೂ ಬಸ್ಸು ಬಸ್ಸು ಎಂದು ತುಂಬಿಸಿ ಬೇರೆ ಅರ್ಜಿ ಬರೆದುಕೊಟ್ಟೆ. ಗುಮಾಸ್ತರು ಬೆರಳಿಟ್ಟು ಎಣಿಸಿ, ಮೇಲ್ಗಡೆ ‘ವಿಷಯ: ಬಸ್ಸು’ ಎಂದು ಬರೆದು ತೃಪ್ತಿಯಿಂದ ತಲೆದೂಗಿದರು.

ಬಸ್ಸೇನೋ ಬಂತು. ನಮ್ಮೂರಲ್ಲೂ ನಿಲ್ಲದೆ, ಆಸ್ಪತ್ರೆಯ ಮುಂದೆಯೂ ನಿಲ್ಲದೆ ಸೀದಾ ಹನೂರಿಗೆ ಹೋಗುತ್ತದೆ. ಎಲ್ಲಿ ನಿಲ್ಲಬೇಕೆಂದು ನಾನು ಒಂದೇ ಸಲ ಬರೆದಿದ್ದೆ. ನಮ್ಮ ಬಸುರಿಯರು ಈಗಲೂ ನಡೆದೇ ಹೋಗುತ್ತಾರೆ, ಆ ಬಸ್ಸಿನ ಧೂಳು ಕುಡಿದುಕೊಂಡು.